ಮರ್ಯಾದೆ ಜೊತೆಗೆ ವಿವರವೂ ಇರಲಿ

ವೆಬ್‌ಸೈಟ್ ಕೈಕೊಟ್ಟಾಗ ನಿರ್ವಾಹಕರ ಮೇಲೆ ರೇಗಬೇಡಿ, ಮರ್ಯಾದೆಯಿಂದ ಬರೆಯಿರಿ ಅಂತ ಲೇಖನದಲ್ಲಿ ಹೇಳಿದ್ದೀರಿ. ಪೂರ್ತಿ ಒಪ್ಪುತ್ತೇನೆ. ಆದರೆ ವಿವರವೂ ಅಷ್ಟೇ ಮುಖ್ಯ ಅಲ್ವಾ? ‘ನಿಮ್ಮ ಸೈಟ್ ಓಪನ್ ಆಗ್ತಿಲ್ಲ, ದಯವಿಟ್ಟು ನೋಡಿ’ ಅಂತ ಸುಮ್ನೆ ಬರೆದರೆ ಪಾಪ, ಅವರು ಎಲ್ಲಿಂದ ಹುಡುಕಬೇಕು? ಪುಟದ ಪೂರ್ತಿ ವಿಳಾಸ ಕಾಪಿ ಮಾಡಿ ಹಾಕಿ. ಪರದೆ ಮೇಲೆ 404 ಅನ್ನೋ ದೋಷಸಂಖ್ಯೆ ಬಂತೋ 500 ಬಂತೋ, ಕಂಡದ್ದನ್ನು ಹಾಗೇ ಬರೆಯಿರಿ. 404 ಅಂದರೆ ಆ ವಿಳಾಸದಲ್ಲಿ ಪುಟವೇ ಸಿಗುತ್ತಿಲ್ಲ. 500 ಅಂದರೆ ಸರ್ವರ್, ಅಂದರೆ ಸೈಟನ್ನು ನಡೆಸುವ ಕಂಪ್ಯೂಟರ್ ಒಳಗೇ ಏನೋ ಎಡವಟ್ಟಾಗಿದೆ. ಎಷ್ಟು ಹೊತ್ತಿಗೆ ಆಯಿತು ಅಂತಲೂ ತಿಳಿಸಿ. ಸರ್ವರ್ ಲಾಗ್‌ನ (ಸೈಟಿನಲ್ಲಿ ಆಗಿದ್ದೆಲ್ಲ ದಾಖಲಾಗುವ ಕಡತ) ಸಾವಿರಾರು ಸಾಲುಗಳಲ್ಲಿ ನಿಮ್ಮದನ್ನು ಹುಡುಕಲು ಅದೇ ಆಧಾರ. ಬ್ರೌಸರ್ ಯಾವುದು, ಮೊಬೈಲೋ ಕಂಪ್ಯೂಟರೋ ಅಂತ ಸೇರಿಸಿದರೆ ಸಾಕು.

ಕಳಿಸುವ ಮುಂಚೆ ಬ್ರೌಸರಿನ ಇನ್‌ಕಾಗ್ನಿಟೋದಲ್ಲಿ (ಹಳೆಯ ಕುಕಿ, ಕ್ಯಾಶ್ ಬಳಸದ ಖಾಸಗಿ ವಿಂಡೋ) ಆ ಪುಟವನ್ನು ಒಮ್ಮೆ ತೆರೆದು ನೋಡಿ. ಅಲ್ಲಿ ಸರಿಯಾಗಿ ಬಂದರೆ ತೊಂದರೆ ನಮ್ಮದೇ ಬ್ರೌಸರಿನ ಕುಕಿ (ಸೈಟ್ ಉಳಿಸಿಟ್ಟ ಚಿಕ್ಕ ಮಾಹಿತಿ), ಕ್ಯಾಶ್ (ಪುಟಗಳ ಉಳಿಸಿಟ್ಟ ಹಳೆಯ ಪ್ರತಿ) ಅಥವಾ ಎಕ್ಸ್‌ಟೆನ್ಶನ್‌ನಲ್ಲಿರುವ (ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ಸಾಫ್ಟ್‌ವೇರ್) ಸಾಧ್ಯತೆ ಜಾಸ್ತಿ. ಅದನ್ನೂ ಬರೆಯಿರಿ.

ಒಂದು ವಿಷಯ ಮಾತ್ರ ಬೇರೆ. ಇನ್ನೊಬ್ಬರ ಖಾಸಗಿ ಮಾಹಿತಿ ಕಾಣಿಸುವಂಥ ದೋಷ ಕಣ್ಣಿಗೆ ಬಿದ್ದರೆ ದಯವಿಟ್ಟು ಎಲ್ಲರೆದುರು ಹಾಕಬೇಡಿ. ಸೈಟಿನವರಿಗೆ ಮಾತ್ರ ಖಾಸಗಿಯಾಗಿ ತಿಳಿಸಿ, ಸರಿಪಡಿಸಲು ಸಮಯ ಕೊಡಿ.