ರೆಪ್ಪೆ ಬಡಿಯದ ಕಂಪ್ಯೂಟರು

ಮಾವ ದುಬೈಯಿಂದ ಬರುವಾಗ ತಂದಿದ್ದ ವಾಚು ಮೊನ್ನೆ ಉಡುಪಿಯ ಮನೆಯ ಕಪಾಟಿನಲ್ಲಿ, ನುಸಿಗುಳಿಗೆಗಳ ನಡುವೆ ಸಿಕ್ಕಿತು. ಟೈಮೆಕ್ಸ್ ಡೇಟಾಲಿಂಕ್. 1994ರಲ್ಲಿ ಮೈಕ್ರೋಸಾಫ್ಟ್ ಜೊತೆ ಸೇರಿ ಮಾಡಿದ ಮಾಲು. ಪಟ್ಟಿ ಮುಟ್ಟಿದರೆ ಪುಡಿ. ಆದರೆ ಸೆಲ್ ಹಾಕಿದ್ದೇ ತಡ, ಅಂಕಿಗಳು ಎದ್ದು ಕೂತವು.

"ಬಿಸಾಡ್ಬೇಡ ಮಾರಾಯ, ಅದು ಕಂಪ್ಯೂಟರನ್ನು ನೋಡಿ ಕಲಿಯುವ ವಾಚು" ಎಂದರು ಮಾವ.

ನೋಡಿ ಎಂದರೆ ನೋಡಿಯೇ. ಬ್ಲೂಟೂತ್ ಎಂಬ ಹೆಸರು ಕೂಡ ಆಗ ಹುಟ್ಟಿರಲಿಲ್ಲ. ವಾಚಿನ ಮುಖದಲ್ಲೊಂದು ಸಣ್ಣ ಕಣ್ಣುಂಟು. ಹಳೇ ಡಬ್ಬಾ ಮಾನಿಟರಿನ ಎದುರು ಹಿಡಿದರೆ ಪರದೆಯ ಮೇಲೆ ಗೆರೆಗಳು ಮಿನುಗುತ್ತವೆ. ವಾಚು ಆ ಮಿನುಗನ್ನೇ ಓದಿ ಫೋನ್ ನಂಬರು ಬರೆದುಕೊಳ್ಳುತ್ತದೆ. ಡಬ್ಬಾದೊಳಗೆ ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ 60 ಸಲವೋ ಇನ್ನೂ ಹೆಚ್ಚೋ ಮೇಲಿಂದ ಕೆಳಗೆ ಗೆರೆ ಎಳೆಯುತ್ತಿರುತ್ತದೆ. ಎಳೆದ ಗೆರೆ ಹೊಳೆದು ಅಲ್ಲೇ ಆರುತ್ತದೆ. ಕಣ್ಣು ಉರಿಸಿ ತಲೆನೋವು ತರಿಸುತ್ತಿದ್ದ ಆ ಅದುರುವಿಕೆಗೆ ನಾವು ಎಷ್ಟು ಬೈದಿಲ್ಲ! ಈ ವಾಚಿಗೆ ಅದೇ ಅಕ್ಷರಮಾಲೆ.

ನನ್ನ ಹೊಸ ಲ್ಯಾಪ್‌ಟಾಪಿನ ಪರದೆ ಅದುರುವುದಿಲ್ಲ. ಹಿಂದಿನಿಂದ ಬೆಳಕು ಒಂದೇ ಸಮ ಉರಿಯುತ್ತಿರುತ್ತದೆ. ವಾಚು ತನ್ನ ಕಿಂಡಿಯಿಂದ ಅದನ್ನೇ ನೋಡುತ್ತ ಕೂತಿತು. ಕನಕನಿಗಾಗಿ ಕೃಷ್ಣ ಪಶ್ಚಿಮಕ್ಕೆ ತಿರುಗಿದನಂತೆ. ಈ ಪರದೆ ರೆಪ್ಪೆ ಕೂಡ ಬಡಿಯಲಿಲ್ಲ.

ಆಗಿನ ಲ್ಯಾಪ್‌ಟಾಪುಗಳಿಗೂ ಇದೇ ಪಾಡಿತ್ತಂತೆ. ಅವಕ್ಕೆಂದೇ ಸೀರಿಯಲ್ ಪೋರ್ಟ್ ಎಂಬ ಹಳೇ ಕಾಲದ ಸಾಕೆಟ್ಟಿಗೆ ಚುಚ್ಚುವ, ತುದಿಯಲ್ಲಿ ಎಲ್‌ಇಡಿ ಮಿಣುಕುವ ಅಡಾಪ್ಟರು ಬರುತ್ತಿತ್ತು. ಮಾವನ ಬಳಿ ಅದಿಲ್ಲ, ನನ್ನಲ್ಲಿ ಸೀರಿಯಲ್ ಪೋರ್ಟಿಲ್ಲ. ಡಬ್ಬಾ ಮಾನಿಟರನ್ನೇ ಹುಡುಕಿಕೊಂಡು ಗುಜರಿ ಅಂಗಡಿಗೆ ಹೋದೆ.

"ಎಲ್ಲ ಒಡೆದಾಯ್ತು ಸರ್. ಕುತ್ತಿಗೆಯಲ್ಲಿ ತಾಮ್ರ ಉಂಟಲ್ಲ?"

ಕಡೆಗೆ ಕೈ ಹಿಡಿದವನು ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ. ಇಂಥ ವಾಚುಗಳ ಮೋಹಿಗಳು ಬರೆದಿಟ್ಟ ಪ್ರೋಗ್ರಾಮು ಹುಡುಕಿ, ಆರ್ಡುಯಿನೋ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡಿಗೊಂದು ಎಲ್‌ಇಡಿ ಸಿಕ್ಕಿಸಿ, ಅದಕ್ಕೆ ಆ ಅಡಾಪ್ಟರಿನ ವೇಷ ಹಾಕಿಸಿದ. (ಅಷ್ಟಮಿಗೆ ಹುಲಿವೇಷ ಹಾಕುವ ಊರಿನವನಿಗೆ ಇದೇನು ಮಹಾ!) ದೀಪ ಮಿಣುಕಿತು. ವಾಚು ಕೀಂ ಕೀಂ ಎಂದಿತು. ಮಾವ ಎದ್ದು ನಿಂತರು.

ಸೆಲ್ ಸತ್ತಾಗಲೇ ಹಳೆಯ ನಂಬರುಗಳೂ ಅಳಿಸಿಹೋಗಿದ್ದವು. "ಯಾರದ್ದು ಹಾಕುವ ಮಾವ?" ಎಂದೆ. ಅವರು ಮೊಬೈಲ್ ತೆಗೆಯಲೇ ಇಲ್ಲ. ಕಣ್ಣು ಮುಚ್ಚಿ ಬಾಯಿಪಾಠದಿಂದ ಹೇಳುತ್ತ ಹೋದರು, ಎಲ್ಲ ಆ ಕಾಲದ ಲ್ಯಾಂಡ್‌ಲೈನು, ಐದೈದೇ ಅಂಕಿ.

"ಅಂಕಲ್, ಈ ನಂಬರು ಈಗ ಹೋಗ್ಲಿಕ್ಕಿಲ್ಲ" ಎಂದ ಹುಡುಗ.

"ವಾಚಿಗೆ ಹೋಗ್ತದಾ ನೋಡು" ಎಂದರು ಮಾವ.

ಹೋಯಿತು.