ಬ್ಲೇಕ್‌ನ ಹುಲಿಯನ್ನು ನಾನು ನೋಡಿದ್ದು ತಡವಾಗಿ

ಈ ಭಾನುವಾರ ಗದಗಿನಲ್ಲಿ ನಮ್ಮ ಓದುಗ ಗೆಳೆಯರ ಮುಂದೆ ಇಂಗ್ಲಿಷ್ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್ ಬಗ್ಗೆ ಮಾತಾಡಬೇಕು. ಅದಕ್ಕೆಂದು ಒಂದು ತಿಂಗಳಿಂದ ವಿದ್ವಾಂಸರು ಬರೆದ ಪರಿಚಯಗಳನ್ನು ಓದುತ್ತಿದ್ದೇನೆ. ನಾನು ಓದಿದವೆಲ್ಲ ಹೆಚ್ಚುಕಡಿಮೆ ಒಂದೇ ಕಡೆಯಿಂದ ಶುರುವಾಗುತ್ತವೆ. ಲಂಡನ್ನಿನ ಕಾಲುಚೀಲದ ವ್ಯಾಪಾರಿಯ ಮಗ, ಹುಟ್ಟಿದ್ದು 1757ರಲ್ಲಿ. ಚಿಕ್ಕವನಿದ್ದಾಗ ಒಂದು ಮರದ ತುಂಬಾ ದೇವದೂತರನ್ನು ಕಂಡ. ಸುಳ್ಳು ಹೇಳ್ತೀಯಾ ಅಂತ ಅಪ್ಪ ಹೊಡೆಯಲು ಹೋದ, ತಾಯಿ ಬಿಡಿಸಿದಳು. ಅಲ್ಲಿಂದ ಮುಂದೆ ಅವನು ಬರೀ ದಾರ್ಶನಿಕ. ಅವನ ಕೈ ಮರೆತೇ ಹೋಗುತ್ತದೆ.

ನನಗೆ ಆ ಕೈಯಿಂದ ಶುರು ಮಾಡಬೇಕು ಅನ್ನಿಸುತ್ತದೆ.

ಬ್ಲೇಕ್ 14ನೇ ವಯಸ್ಸಿಗೆ ಒಬ್ಬ ಕೆತ್ತನೆಗಾರನ ಹತ್ತಿರ ಕೆಲಸ ಕಲಿಯಲು ಸೇರಿದ. 7 ವರ್ಷ ಕಲಿತ. ಹೊಟ್ಟೆಪಾಡೂ ಕೊನೆಯವರೆಗೆ ಅದೇ. 1787ರಲ್ಲಿ ಅವನ ಪ್ರೀತಿಯ ತಮ್ಮ ರಾಬರ್ಟ್ ತೀರಿಕೊಂಡ. ಆಮೇಲೆ ಆ ತಮ್ಮನೇ ಕಾಣಿಸಿಕೊಂಡು ಹೊಸ ಮುದ್ರಣದ ರೀತಿ ಹೇಳಿಕೊಟ್ಟ ಅಂತ ಬ್ಲೇಕ್ ಹೇಳುತ್ತಿದ್ದ. ನೋಡಿ, ಸತ್ತ ತಮ್ಮ ಬಂದು ಹೇಳಿದ್ದು ಮೋಕ್ಷದ ಮಾತಲ್ಲ, ಕಸುಬಿನ ಮಾತು! ತಾಮ್ರದ ತಗಡಿನ ಮೇಲೆ ಆಮ್ಲ ತಿನ್ನದಂಥ ದ್ರವದಿಂದ ಪದ್ಯವನ್ನೂ ಚಿತ್ರವನ್ನೂ ಒಟ್ಟಿಗೇ ಬರೆಯಬೇಕು. ಅಕ್ಷರವೆಲ್ಲ ಉಲ್ಟಾ. ಆಮ್ಲ ಸುತ್ತಲಿನ ತಾಮ್ರವನ್ನು ತಿಂದಾಗ ಬರೆದದ್ದು ಉಬ್ಬಿ ನಿಲ್ಲುತ್ತದೆ. ಅದಕ್ಕೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಬೇಕು. ಆಮೇಲೆ ಒಂದೊಂದೇ ಹಾಳೆಗೆ ಕೈಯಿಂದ ಬಣ್ಣ. ಹಾಗಾಗಿ ಒಂದು ಪ್ರತಿಯಂತೆ ಇನ್ನೊಂದಿಲ್ಲ.

ನಮ್ಮಪ್ಪ ಇಲ್ಲಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಉಲ್ಟಾ ಅಕ್ಷರವನ್ನು ಸರಾಗ ಓದುತ್ತಾರೆ. ಅವರಿಗೆ ಇದನ್ನೆಲ್ಲ ವಿವರಿಸಿ, ಮೊಬೈಲಿನಲ್ಲಿ ಒಂದು ಪುಟ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ನಮಗ ತಪ್ಪಾದ್ರ ಮೊಳಿ ಕಿತ್ತು ಬ್ಯಾರೆ ಹಾಕತಿದ್ವಿ. ಇಂವಗ ಅದೂ ಇಲ್ಲಲ್ಲೋ" ಅಂದರು. ಯಾವ ಪರಿಚಯದಲ್ಲೂ ನನಗೆ ಈ ಮಾತು ಸಿಕ್ಕಿರಲಿಲ್ಲ.

ಇನ್ನು ಬ್ಲೇಕ್‌ನ ಆ ಹುಲಿಯ ಪದ್ಯ, 'ದ ಟೈಗರ್'. ಕಾಲೇಜಿನಲ್ಲಿ ನಮಗೆ ಬರೀ ಅಕ್ಷರದಲ್ಲಿ ಪಾಠ ಆಯಿತು. ಹುಲಿ ಅಂದರೆ ಭಯ, ಕುರಿಮರಿ ಅಂದರೆ ಮುಗ್ಧತೆ ಅಂತ ನೋಟ್ಸ್ ಬರೆಸಿದರು. ಚಿತ್ರ ಇದೆ ಅಂತ ಯಾರೂ ಹೇಳಲಿಲ್ಲ. 1794ರ ಆ ಪುಟ ಅಂಗೈಯಷ್ಟು ಅಗಲ. ಪದ್ಯದ ಕೆಳಗೆ, ಮರದ ಪಕ್ಕ ಹುಲಿ ನಿಂತಿದೆ. ಕೆಂಡದ ಕಣ್ಣಿಲ್ಲ, ಗರ್ಜನೆಯಿಲ್ಲ. ಕೆಲವು ಪ್ರತಿಗಳಲ್ಲಂತೂ ಮಕ್ಕಳ ಆಟಿಕೆಯಂತಿದೆ. ಕುರಿಮರಿಯನ್ನು ಮಾಡಿದವನೇ ನಿನ್ನನ್ನೂ ಮಾಡಿದನಾ ಅಂತ ಪದ್ಯ ಕೇಳುತ್ತದೆ. ಚಿತ್ರ ನೋಡಿದ ಮೇಲೆ ಆ ಪ್ರಶ್ನೆಯ ದನಿಯೇ ಬದಲಾಯಿತು ನನಗೆ. ಭಯ ಪ್ರಾಣಿಯಲ್ಲಿದೆಯೋ, ನೋಡುವವನ ತಲೆಯಲ್ಲಿದೆಯೋ? ಇಷ್ಟು ವರ್ಷ ಅರ್ಧ ಪದ್ಯವನ್ನೇ ಪೂರ್ತಿ ಅಂದುಕೊಂಡಿದ್ದೆ. ಬೇಂದ್ರೆಯವರ ಪದ್ಯವನ್ನು ಬಾಯಿಬಿಟ್ಟು ಓದದೆ ಸುಮ್ನೆ ಅರ್ಥ ಹೇಳಿ ಮುಗಿಸಿದರೆ ಧಾರವಾಡದವರು ಒಪ್ಪುತ್ತಾರಾ? ಇದೂ ಹಾಗೇ ಅಲ್ವಾ.

ಅವನೇ ಕಟ್ಟಿದ ದೊಡ್ಡ ಪುರಾಣಗಳು, ಅವುಗಳಲ್ಲಿ ಬರುವ ಯುರಿಜೆನ್, ಲಾಸ್‌ನಂಥ ಪಾತ್ರಗಳು, ಇವೆಲ್ಲ ನನಗೆ ಇನ್ನೂ ಪೂರ್ತಿ ದಕ್ಕಿಲ್ಲ. ಅಲ್ಲಿ ವಿದ್ವಾಂಸರ ಸಹಾಯ ಬೇಕೇ ಬೇಕು. ಆದರೆ ಮೊದಲ ಪುಟದಲ್ಲೇ ಅವನ್ನು ತಂದು ಹೊಸ ಓದುಗನ ತಲೆಯ ಮೇಲೆ ಹೇರಬಾರದು.

ಅವನ ಹೆಂಡತಿ ಕ್ಯಾಥರೀನ್ ಬಗ್ಗೆಯೂ ಹೇಳಬೇಕು. 1782ರಲ್ಲಿ ಮದುವೆಯಾದಾಗ ದಾಖಲೆಯಲ್ಲಿ ಸಹಿಯ ಜಾಗಕ್ಕೆ ಅವಳು ಬರೆದದ್ದು ಒಂದು X ಗುರುತು. ಬ್ಲೇಕ್ ಅವಳಿಗೆ ಓದು ಬರಹ ಕಲಿಸಿದ. ಮುಂದೆ ಅವಳೇ ಅವನ ಜೊತೆ ನಿಂತು ಹಾಳೆ ಒತ್ತಿದಳು, ಬಣ್ಣ ಹಚ್ಚಿದಳು. ಪರಿಚಯಗಳಲ್ಲಿ ಅವಳಿಗೆ ಸಿಗುವುದು ಜಾಸ್ತಿ ಅಂದರೆ ಒಂದೆರಡು ಸಾಲು. ನಮ್ಮವ್ವ ಅಪ್ಪನ ಪ್ರೆಸ್ಸಿನ ಫಾರಂಗಳನ್ನು, ಅಂದರೆ ಅಚ್ಚಾದ ದೊಡ್ಡ ಹಾಳೆಗಳನ್ನು, ರಾತ್ರಿ ಮನೆಯಲ್ಲಿ ಕೂತು ಮಡಚುತ್ತಿದ್ದಳು. ಆ ಯಾವ ಪುಸ್ತಕದಲ್ಲೂ ಅವಳ ಹೆಸರಿಲ್ಲ. ಭಾನುವಾರ ನಾನು ಕ್ಯಾಥರೀನಳಿಗೆ ಹತ್ತು ನಿಮಿಷ ಇಟ್ಟಿದ್ದೇನೆ. ಅವ್ವನೂ ಬರುತ್ತೇನೆ ಅಂದಿದ್ದಾಳೆ.