ಡಂಕಣನ ದನಿ ಯಾರದ್ದು?

ನಿನ್ನೆ ರಾತ್ರಿಯಿಂದ ಸಿಟ್ಟು ಇಳಿದಿಲ್ಲ. ಬೆಳಗ್ಗೆ ಎದ್ದು ಎರಡು ಲೋಟ ಕಾಫಿ ಕುಡಿದ ಮೇಲೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ.

ನಿನ್ನೆ ನಮ್ಮ ಹಾಸನದಲ್ಲಿ ಹೈಸ್ಕೂಲು ಮಕ್ಕಳ ಏಕಾಂಕ ನಾಟಕಗಳಿದ್ದವು. ಎಂಟು ಶಾಲೆ, ಎಂಟು ನಾಟಕ, ಒಂದೊಂದಕ್ಕೆ ಅರ್ಧ ಗಂಟೆ. ಆಫೀಸಿಗೆ ರಜೆ ಹಾಕಿ ಬೆಳಗ್ಗೆ ಹತ್ತಕ್ಕೇ ಹೋಗಿ ಕೂತಿದ್ದೆ. ನಾಟಕ ಅಂದರೆ ನನಗೆ ಏನು ಅಂತ ನಿಮಗೆಲ್ಲ ಗೊತ್ತೇ ಇದೆ.

ಆ ಎಂಟರಲ್ಲಿ ಐದು ನಾಟಕಗಳಲ್ಲಿ ಮಕ್ಕಳು ಒಂದೇ ಒಂದು ಮಾತು ಆಡಲಿಲ್ಲ.

ಬಾಯಿ ಆಡಿಸಿದರು ಅಷ್ಟೇ. ಮಾತೆಲ್ಲ ಪೆನ್‌ಡ್ರೈವಿನಲ್ಲಿತ್ತು. ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿ ತಂದ ಟ್ರ್ಯಾಕು. ಮೇಷ್ಟ್ರು ಪೆನ್‌ಡ್ರೈವನ್ನು ಸೌಂಡಿನವರ ಕೈಗೆ ಕೊಡುತ್ತಾರೆ. ಸ್ಪೀಕರಿನಿಂದ ಮಾತು ಬರುತ್ತದೆ. ಮಕ್ಕಳು ಅದಕ್ಕೆ ತುಟಿ ಕೂಡಿಸುತ್ತಾರೆ. ಡ್ಯಾನ್ಸಿಗೆ ಹಾಡು ಹಾಕುವ ಹಾಗೆ ನಾಟಕಕ್ಕೆ ಮಾತು ಹಾಕುವುದು. ಸ್ಕೂಲ್ ಡೇಗಳಲ್ಲಿ ಇದನ್ನು ನೋಡಿದ್ದೆ. ನಾಟಕಕ್ಕೆಂದೇ ಮಾಡುವ ಉತ್ಸವಕ್ಕೂ ಬಂದಿದೆ ಅಂತ ಗೊತ್ತಿರಲಿಲ್ಲ.

ಮೂರನೇ ನಾಟಕ ಜಕಣಾಚಾರಿಯದ್ದು. ಬೇಲೂರು ನಮ್ಮ ಜಿಲ್ಲೆಯಲ್ಲೇ ಇದೆ, ಹಾಗಾಗಿ ಇಲ್ಲಿಯ ಮಕ್ಕಳಿಗೆ ಆ ಕಥೆ ಮನೆಯದ್ದೇ. ಇತಿಹಾಸ ಅಲ್ಲ, ಜನ ಹೇಳಿಕೊಂಡು ಬಂದದ್ದು. ಆದರೂ ಎಷ್ಟು ಸಲ ಕೇಳಿದರೂ ಚೆನ್ನ. ಚೆನ್ನಿಗರಾಯನ ವಿಗ್ರಹ ಕಡೆದು ಮುಗಿದಿದೆ. ಎಲ್ಲಿಂದಲೋ ಬಂದ ಹುಡುಗ ಡಂಕಣ ಎಲ್ಲರ ಮುಂದೆ ನಿಂತು, ಈ ಕಲ್ಲಿನಲ್ಲಿ ದೋಷ ಇದೆ ಅನ್ನುತ್ತಾನೆ. ನಿಜವಾದರೆ ನನ್ನ ಬಲಗೈ ಕತ್ತರಿಸಿಕೊಳ್ಳುತ್ತೇನೆ ಅಂತ ಜಕಣಾಚಾರಿ ಪಣ ಕಟ್ಟುತ್ತಾನೆ. ವಿಗ್ರಹಕ್ಕೆ ಗಂಧ ಬಳಿಯುತ್ತಾರೆ. ಮೈಯೆಲ್ಲ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿ ಇಟ್ಟು ಹೊಡೆದರೆ ನೀರಿನ ಜೊತೆ ಒಂದು ಕಪ್ಪೆ ಹೊರಗೆ ಬರುತ್ತದೆ. ಅದಕ್ಕೇ ಅವನು ಕಪ್ಪೆ ಚೆನ್ನಿಗರಾಯ.

ಇಡೀ ಕಥೆ ನಿಂತಿರುವುದು ಒಬ್ಬ ಹುಡುಗ ಬಾಯಿ ಬಿಟ್ಟು ಮಾತಾಡಿದ್ದರ ಮೇಲೆ. ಇದನ್ನು ನೆನಪಿಟ್ಟುಕೊಳ್ಳಿ.

ಡಂಕಣ ಆದವನು ಒಂಬತ್ತನೇ ಕ್ಲಾಸಿನ ಹುಡುಗ. ಸಪೂರ ಮೈ. ಪಂಚೆ ಸೊಂಟದಲ್ಲಿ ನಿಲ್ಲದೆ ಎರಡು ಕಡೆ ಪಿನ್ ಹಾಕಿದ್ದರು. ಕಣ್ಣಲ್ಲಿ ಮಾತ್ರ ಪಾತ್ರ ತುಂಬಿಕೊಂಡಿತ್ತು. "ಕಲ್ಲಿನಲ್ಲಿ ದೋಷವಿದೆ ಆಚಾರ್ಯರೇ" ಅನ್ನುವ ಹೊತ್ತಿಗೆ ಕೈಯಲ್ಲಿದ್ದ ಉಳಿ ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡ. ಅಷ್ಟರಲ್ಲಿ ಮಾತು ಅವನನ್ನು ಬಿಟ್ಟು ಮುಂದೆ ಹೋಗಿತ್ತು. ಹುಡುಗನ ಮುಖ ನೆಲದ ಕಡೆ, ಮಾತು ಸ್ಪೀಕರಿನಲ್ಲಿ. ತಲೆ ಎತ್ತಿದವನು ಗಾಬರಿಯಿಂದ ಬಾಯಿ ಆಡಿಸಿ ಆಡಿಸಿ ಟ್ರ್ಯಾಕನ್ನು ಹಿಡಿಯಲು ನೋಡಿದ. ಸಿಗಲಿಲ್ಲ. ಜಕಣಾಚಾರಿಯ ಮಾತು ಬರುವಾಗ ಇವನ ತುಟಿ ಆಡುತ್ತಿತ್ತು. ಹಿಂದೆ ಯಾರೋ ನಕ್ಕರು. ಆ ಮಗುವಿನ ಕಿವಿ ಕೆಂಪಾದದ್ದು ನನಗೆ ಕೂತಲ್ಲಿಂದಲೇ ಕಂಡಿತು.

ಉಳಿ ಬೀಳುವುದು ತಪ್ಪೇ ಅಲ್ಲ. ಬೀಳುತ್ತೆ. "ತಾಳಿ ಆಚಾರ್ಯರೇ" ಅಂತ ಒಂದು ಮಾತು ಹೇಳಿ ಎತ್ತಿಕೊಂಡಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತು ಹೇಳುವ ಹಕ್ಕನ್ನೇ ಅವನಿಂದ ಕಿತ್ತುಕೊಂಡಿದ್ದಾರಲ್ಲ.

ಊಟದ ಹೊತ್ತಿನಲ್ಲಿ ನಲ್ಲಿಯ ಹತ್ತಿರ ಸಿಕ್ಕ. ಬಣ್ಣ ತೊಳೆದುಕೊಳ್ಳುತ್ತಿದ್ದ. ಕುತ್ತಿಗೆಯ ಮೇಲೆ ಇನ್ನೂ ಅರ್ಧ ಬಣ್ಣ ಉಳಿದಿತ್ತು.

"ಚೆನ್ನಾಗಿ ಮಾಡಿದೆ ಕಣಪ್ಪ. ದನಿನೂ ಎಷ್ಟು ಚೆನ್ನಾಗಿತ್ತು" ಅಂದೆ.

"ಅದು ನನ್ ವಾಯ್ಸ್ ಅಲ್ಲ ಆಂಟಿ" ಅಂದ. "ನಂದು ಒಡೀತಾ ಇದೆ ಅಂತ ಸ್ಟುಡಿಯೋದಲ್ಲಿ ಬೇರೆ ಯಾರೋ ಅಣ್ಣನ ಕೈಲಿ ಹೇಳಿಸಿದ್ರು. ನಂಗೆ ಡೈಲಾಗ್ ಎಲ್ಲಾ ಬರುತ್ತೆ."

ಇಷ್ಟು ಹೇಳುವಷ್ಟರಲ್ಲಿ ಅವನ ದನಿ ಎರಡು ಸಲ ಒಡೆಯಿತು. ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಕೇಳಿ ನನಗೆ ಕಣ್ಣಲ್ಲಿ ನೀರು ಬಂತು.

ಹದಿನಾಲ್ಕು ವರ್ಷದ ಹುಡುಗನ ದನಿ ಒಡೆಯದೆ ಇನ್ನೇನಾಗಬೇಕು? ಕಥೆಯ ಡಂಕಣನೂ ಹುಡುಗನೇ ಅಲ್ವಾ? ದೊಡ್ಡ ಶಿಲ್ಪಿಯ ಎದುರು ನಿಂತಾಗ ಅವನ ದನಿಯೂ ನಡುಗಿರಬೇಕು. ಆ ಪಾತ್ರಕ್ಕೆ ಈ ದನಿಗಿಂತ ಒಳ್ಳೆ ದನಿ ಎಲ್ಲಿಂದ ತರುತ್ತೀರಿ? ಮಗುವಿಗೆ ಪಾತ್ರ ಕೊಟ್ಟು, ಬಣ್ಣ ಹಚ್ಚಿ, ಪಂಚೆ ಉಡಿಸಿ, ಕೊನೆಗೆ ನಿನ್ನ ದನಿ ಮಾತ್ರ ಬೇಡ ಅಂತ ಹೇಳುವುದಕ್ಕೆ ಮನಸ್ಸು ಹೇಗೆ ಬಂತು?

ನಮ್ಮಪ್ಪನ ವಿಷಯ ಹಳೇ ಸ್ನೇಹಿತರಿಗೆ ಗೊತ್ತು. ದುದ್ದದ ಕಡೆ ನಮ್ಮೂರು. ಒಂದು ವರ್ಷ ಆಲೂಗಡ್ಡೆ ಬೆಳೆ ಕೈ ಹಿಡಿದಾಗ, ಆ ದುಡ್ಡಲ್ಲಿ ಅಪ್ಪ ಕುರುಕ್ಷೇತ್ರದಲ್ಲಿ ಕರ್ಣನ ಪಾತ್ರ ಹಿಡಿದರು. ನಮ್ಮ ಕಡೆ ಪೌರಾಣಿಕ ನಾಟಕ ಅಂದರೆ ಹಾಗೇ. ಪಾತ್ರ ಮಾಡುವವರೇ ದುಡ್ಡು ಹಾಕಬೇಕು. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರು, ಹೊರಗಿನಿಂದ ಬರುವ ಸ್ತ್ರೀ ಪಾತ್ರದವರು, ಎಲ್ಲದಕ್ಕೂ. ಅಮ್ಮ ಒಂದು ವಾರ ಮಾತು ಬಿಟ್ಟಿದ್ದರು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಮೂರು ತಿಂಗಳು, ದಿನಾ ರಾತ್ರಿ ಊಟ ಆದ ಮೇಲೆ ಶಾಲೆಯ ಜಗಲಿ ಮೇಲೆ ಪ್ರಾಕ್ಟೀಸು. ನಾನು ಕಂಬಳಿ ಹೊದ್ದು ಅಲ್ಲೇ ಮಲಗಿರುತ್ತಿದ್ದೆ. ಅಪ್ಪನ ದನಿ ಮೇಲಕ್ಕೆ ಹೋದ ಕೂಡಲೇ ಸೀಳುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರು ಒಂದು ದಿನವೂ ನಿನ್ನ ದನಿ ಸರಿ ಇಲ್ಲ ಅನ್ನಲಿಲ್ಲ. ಶ್ರುತಿ ಒಂದು ಮನೆ ಇಳಿಸಿ, "ಈಗ ಹೇಳು. ಕೊನೇಲಿ ಕೂತಿರೋ ಅಜ್ಜಿಗೆ ಕೇಳ್ಬೇಕು" ಅನ್ನುತ್ತಿದ್ದರು. ಅಷ್ಟೇ. ಅಪ್ಪ ಬೆಳಗ್ಗೆ ಕೆರೆ ಏರಿ ಮೇಲೆ ನಿಂತು ಆಚೆ ದಡದಲ್ಲಿ ದನ ಮೇಯಿಸುವವರಿಗೆ ಕೇಳುವ ಹಾಗೆ ನಾಟಕದ ಕಂದಪದ್ಯ ಹೇಳುತ್ತಿದ್ದರು.

ಇದು ಹಳೇ ಕಾಲದ ಮಾತು ಅನ್ನಬೇಡಿ. ಈಗಲೂ ಹಾಸನಾಂಬ ಕಲಾಕ್ಷೇತ್ರದಲ್ಲಿ ಹಳ್ಳಿಯವರ ಪೌರಾಣಿಕ ನಾಟಕ ಇರುವ ದಿನ ಹೋಗಿ ನೋಡಿ. ಅರವತ್ತು ದಾಟಿದ ರೈತರು ಕಿರೀಟ ಇಟ್ಟುಕೊಂಡು ತಮ್ಮದೇ ಗಂಟಲಲ್ಲಿ ಹಾಡುತ್ತಾರೆ. ಅವರಿಗೆ ಬೇಡವಾದ ಪೆನ್‌ಡ್ರೈವು ಹದಿನಾಲ್ಕರ ಮಕ್ಕಳಿಗೆ ಯಾಕೆ ಬೇಕು?

ಡಂಕಣನ ಶಾಲೆಯ ಟೀಚರನ್ನೂ ಮಾತಾಡಿಸಿದೆ. ಕೆಟ್ಟವರಲ್ಲ, ಮಕ್ಕಳ ಬಗ್ಗೆ ಪ್ರೀತಿ ಇರುವವರೇ. ಅವರು ಹೇಳಿದ್ದು ಇಷ್ಟು: ಹಾಲು ದೊಡ್ಡದು, ಮೈಕು ಎರಡೋ ಮೂರೋ ಇರುತ್ತೆ, ಮಕ್ಕಳ ಮಾತು ಹಿಂದಿನವರಿಗೆ ಕೇಳಲ್ಲ. ಭಯದಲ್ಲಿ ಡೈಲಾಗ್ ಮರೆತುಬಿಡ್ತಾರೆ. ಎಸ್ಸೆಸ್ಸೆಲ್ಸಿ ಸ್ಪೆಷಲ್ ಕ್ಲಾಸು ಇರೋದರಿಂದ ರಿಹರ್ಸಲಿಗೆ ಟೈಮೇ ಸಿಗಲ್ಲ ಮೇಡಂ.

ಟೈಮಿನ ಮಾತು ಒಪ್ಪುತ್ತೇನೆ. ನಾಟಕದ ಮೇಷ್ಟ್ರು ಇರುವ ಹೈಸ್ಕೂಲುಗಳು ಬೆರಳೆಣಿಕೆಯಷ್ಟು. ಉಳಿದ ಕಡೆ ಕನ್ನಡದ ಟೀಚರೋ ಪಿ.ಟಿ. ಮೇಷ್ಟ್ರೋ ಪಾಠ ಮುಗಿಸಿ, ಸಂಜೆ ನಿಂತು ಮಾಡಿಸಬೇಕು. ಆದರೆ ಸ್ಟುಡಿಯೋಗೆ ಮಕ್ಕಳನ್ನು ಕರೆದುಕೊಂಡು ಹೋಗೋಕೆ ಟೈಮಿತ್ತಲ್ಲ? ಟ್ರ್ಯಾಕಿಗೆ ತುಟಿ ಕೂಡಿಸೋಕೂ ರಿಹರ್ಸಲ್ ಬೇಕಲ್ಲ? ಅದೇ ಹೊತ್ತನ್ನು ಬಾಯಿ ಬಿಟ್ಟು ಮಾತಾಡೋಕೆ ಕಲಿಸಬಹುದಿತ್ತು. ಅರ್ಧ ಗಂಟೆ ಆಗದಿದ್ದರೆ ಹತ್ತು ನಿಮಿಷದ ನಾಟಕ ಮಾಡಿಸಿ. ಹತ್ತು ನಿಮಿಷ ಮಕ್ಕಳೇ ಮಾತಾಡಲಿ.

ಮರೆತರೆ? ಮರೆಯಲಿ. ನಾನು ಒಂಬತ್ತನೇ ಕ್ಲಾಸಿನಲ್ಲಿ ಸ್ಟೇಜಿನ ಮೇಲೆ ಮಾತು ಮರೆತು ನಿಂತಿದ್ದೆ. ಒಳಗೆಲ್ಲ ಖಾಲಿ. ಸೈಡ್ ವಿಂಗಿನಿಂದ ನಮ್ಮ ಕನ್ನಡ ಮೇಷ್ಟ್ರು ಪಿಸುಮಾತಿನಲ್ಲಿ ಎರಡು ಸಲ ಹೇಳಿಕೊಟ್ಟರೂ ಕಿವಿಗೆ ಬೀಳಲಿಲ್ಲ. ನನ್ನ ಎದುರಿದ್ದ ಗೆಳತಿ ಮುಂದೆ ಬಂದು, "ಯಾಕಮ್ಮ ಸುಮ್ಮನಾದೆ, ಊರಿಂದ ಕಾಗದ ಬಂತಾ?" ಅಂತ ಕೇಳಿದಳು. ಕಾಗದ ಅಂದ ಕೂಡಲೇ ನನ್ನ ಮಾತು ನೆನಪಾಯಿತು. ಅವಳು ಇದನ್ನು ಓದುತ್ತಾಳೆ. ಮೂವತ್ತು ವರ್ಷ ಆಯಿತು, ಆ ಸಾಲು ಯಾವ ಪುಸ್ತಕದಲ್ಲೂ ಇರಲಿಲ್ಲ ಕಣೇ, ನೀನು ಅಲ್ಲೇ ಹುಟ್ಟಿಸಿದ್ದು.

ಇನ್ನು ಹಿಂದಿನವರಿಗೆ ಕೇಳಲ್ಲ ಅನ್ನೋದು. ಹೆಗ್ಗೋಡಿನ ನೀನಾಸಂ ತಿರುಗಾಟ ಅನ್ನುವ ನಾಟಕ ತಂಡದವರು 1985ರಿಂದ ಊರೂರು ಸುತ್ತುತ್ತಿದ್ದಾರೆ. ಎಂಥ ಹಾಲಿದ್ದರೂ ಬಾಯಲ್ಲೇ ಮಾತಾಡುತ್ತಾರೆ. ದೊಡ್ಡವರು, ಕಲಿತವರು ಅಂತೀರಾ? ಸರಿ, ಮಕ್ಕಳದ್ದೇ ಹೇಳುತ್ತೇನೆ. ಆ ಟೀಚರ್ ಜೊತೆ ಮಾತಾಡಿದ ಮೇಲೆ ನಾನು ಬೇಕಂತಲೇ ಕೊನೇ ಸಾಲಿಗೆ ಹೋಗಿ ಕೂತೆ.

ಆರನೇ ನಾಟಕ ಸಕಲೇಶಪುರದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನದ್ದು. ಮಕ್ಕಳೇ ಕೂತು ಕಟ್ಟಿದ ನಾಟಕವಂತೆ. ಎಸ್ಟೇಟ್ ಲೈನಿನಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿ, ಒಬ್ಬಳು ಅಜ್ಜಿ, ಶಾಲೆಗೆ ನಡೆದು ಹೋಗುವ ಮೊಮ್ಮಕ್ಕಳು, ದಾರಿಯಲ್ಲಿ ಕಾಡಾನೆ. ಅಷ್ಟೇ ಕಥೆ. ಸಕಲೇಶಪುರ, ಆಲೂರು, ಬೇಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೆಟ್ ಇಲ್ಲ, ಲೈಟಿನ ಆಟ ಇಲ್ಲ. ನಾಲ್ಕು ಹುಡುಗರು ಕರಿ ಕಂಬಳಿ ಹೊದ್ದು ಆನೆ ಆಗಿದ್ದರು. ಅಡಿಕೆ ಹಾಳೆಯ ಎರಡು ಕಿವಿ, ಮುಂದಿನ ಹುಡುಗನ ಕೈಯೇ ಸೊಂಡಿಲು.

ಅಜ್ಜಿ ಆದ ಹುಡುಗಿ ಹತ್ತನೇ ಕ್ಲಾಸು ಇರಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಮಂಡಿ ಮೇಲೆ ಊರಿ ನಡೆಯುತ್ತಿದ್ದಳು. "ಏನ್ಲಾ, ಉಂಡ್ಯಾ?" ಅಂತ ಅವಳು ಕೇಳಿದ್ದು ಕೊನೇ ಸಾಲಿಗೆ ಸ್ಪಷ್ಟವಾಗಿ ಕೇಳಿತು. ನಮ್ಮ ಮನೆಯ ಮಾತು, ನಮ್ಮ ಅಜ್ಜಿಯರ ಮಾತು. ಮಧ್ಯದಲ್ಲಿ ಆನೆ ಗದ್ದೆಗೆ ನುಗ್ಗುವ ದೃಶ್ಯ. ಓಡುವ ರಭಸಕ್ಕೆ ಆನೆಯ ಒಂದು ಕಿವಿ ಕಳಚಿ ಬಿತ್ತು. ಹಾಲಿನಲ್ಲಿ ಗುಸುಗುಸು. ಕಂಬಳಿಯೊಳಗಿನ ಹುಡುಗರು ನಿಂತೇ ಬಿಟ್ಟರು. ಅಜ್ಜಿ ನಿಧಾನಕ್ಕೆ ಹೋಗಿ ಆ ಹಾಳೆ ಎತ್ತಿಕೊಂಡು, ದೂಳು ಕೊಡವಿ, ಆನೆಯ ಮುಂದೆ ಹಿಡಿದಳು.

"ಗಣಪತಪ್ಪಾ, ಕಿವಿ ಇಲ್ಲೇ ಬಿಟ್ಟು ಹೊಂಟ್ಯಲ್ಲಪ್ಪಾ. ಇನ್ ನಮ್ ಕೂಗು ಹ್ಯಾಗ್ ಕೇಳುತ್ತೆ ನಿಂಗೆ?"

ಇಡೀ ಹಾಲು ಎದ್ದು ಚಪ್ಪಾಳೆ ತಟ್ಟಿತು. ನನ್ನ ಪಕ್ಕದ ಹಿರಿಯರು ಪೇಟ ತೆಗೆದು ಕಣ್ಣೊರೆಸಿಕೊಂಡರು. ನಾಟಕ ಅಂದರೆ ಇದು. ಆ ಮಾತು ಬರೆದದ್ದಲ್ಲ, ಕಲಿಸಿದ್ದಲ್ಲ. ಬಾಯಿ ಅವಳ ಹತ್ತಿರವೇ ಇತ್ತು, ಅದಕ್ಕೇ ಬಂತು. ಟ್ರ್ಯಾಕ್ ಹಾಕಿದ್ದರೆ ಅವಳೂ ಡಂಕಣನ ಹಾಗೆ ಕಿವಿ ಕೆಂಪು ಮಾಡಿಕೊಂಡು ನಿಲ್ಲುತ್ತಿದ್ದಳು.

ಆಮೇಲೆ ಅಜ್ಜಿ ಸಾಕಾನೆ ಅರ್ಜುನನ ಸುದ್ದಿ ತೆಗೆದಳು. ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತವನು, 2023ರ ಡಿಸೆಂಬರಿನಲ್ಲಿ ಯಸಳೂರಿನ ಕಾಡಿನಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತನಲ್ಲ, ಆ ಅರ್ಜುನ. "ನಮ್ನ ಕಾಯಾಕ್ ಬಂದ್ ಸತ್ತ" ಅಂತ ಹೇಳಿ ಸುಮ್ಮನಾದಳು. ಆ ಸುಮ್ಮನಿದ್ದದ್ದು ಎಷ್ಟು ಹೊತ್ತು ಅಂತೀರಿ! ಯಾರೂ ಕೆಮ್ಮಲೂ ಇಲ್ಲ. ಪೆನ್‌ಡ್ರೈವಿಗೆ ಹಾಗೆ ಸುಮ್ಮನಿರೋಕೆ ಬರುತ್ತಾ? ಎದುರಿಗಿರುವ ಜನರ ಉಸಿರು ನೋಡಿಕೊಂಡು ನಿಲ್ಲೋಕೆ ಬರುತ್ತಾ?

ಸಂಜೆ ಬಹುಮಾನ. ಮೊದಲನೇದು ಟ್ರ್ಯಾಕ್ ಹಾಕಿದ ಒಂದು ನಾಟಕಕ್ಕೆ. ಕಾರಣ ಹೇಳುವಾಗ ತೀರ್ಪುಗಾರರಲ್ಲಿ ಒಬ್ಬರು "ಸ್ಪಷ್ಟ ಉಚ್ಚಾರಣೆ" ಅಂದರು. ಯಾರ ಉಚ್ಚಾರಣೆ? ಆ ಮಕ್ಕಳದ್ದಾ? ಆನೆಯ ನಾಟಕಕ್ಕೆ ಸಮಾಧಾನಕರ ಬಹುಮಾನ. ಜೊತೆಗೆ, ಮಕ್ಕಳು ಭಾಷೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು ಅಂತ ಬುದ್ಧಿಮಾತು. ಆ ಹುಡುಗಿ ತಲೆ ಅಲ್ಲಾಡಿಸಿ ಸರ್ಟಿಫಿಕೇಟ್ ತೆಗೆದುಕೊಂಡಳು. ನಾನು ಎದ್ದು ನಿಂತು ಕೇಳಬೇಕಿತ್ತು. ಕೇಳಲಿಲ್ಲ. ಅದಕ್ಕೇ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಸಂಘಟಕರ ಮೇಲೆ ನನಗೆ ಸಿಟ್ಟಿಲ್ಲ. ಎಂಟು ಶಾಲೆ ಸೇರಿಸುವುದು, ಮಕ್ಕಳಿಗೆ ಊಟ ಹಾಕುವುದು ಸಣ್ಣ ಕೆಲಸ ಅಲ್ಲ. ಕೇಳುವುದು ಒಂದೇ. ಮುಂದಿನ ವರ್ಷ ನಿಯಮದಲ್ಲಿ ಒಂದು ಸಾಲು ಸೇರಿಸಿ: ಸಂಗೀತ ರೆಕಾರ್ಡ್ ಆಗಿದ್ದರೂ ಸರಿ, ಮಾತು ಮಾತ್ರ ಮಕ್ಕಳ ಬಾಯಿಂದಲೇ ಬರಬೇಕು. ನಾಲ್ಕು ಮೈಕು ಜಾಸ್ತಿ ಬೇಕಾದರೆ ಬಾಡಿಗೆ ನಾವು ಒಂದಷ್ಟು ಜನ ಸೇರಿ ಕೊಡುತ್ತೇವೆ. ಇದನ್ನು ಪತ್ರದಲ್ಲೂ ಬರೆದಿದ್ದೇನೆ, ಸೋಮವಾರ ಕೊಡುತ್ತೇನೆ. ಜೊತೆಗೆ ಬರುವವರು ತಿಳಿಸಿ.

ಒಂದು ಮಾತು ಬಚ್ಚಿಟ್ಟರೆ ಇಷ್ಟೆಲ್ಲ ಬರೆದದ್ದು ಸುಳ್ಳಾಗುತ್ತೆ. ಹೋದ ವರ್ಷ ಮಗಳ ಸ್ಕೂಲ್ ಡೇ ನಾಟಕಕ್ಕೆ ರೆಕಾರ್ಡಿಂಗ್ ಅಂತ ಐನೂರು ರೂಪಾಯಿ ಕೇಳಿದರು. ಕೊಟ್ಟೆ. ಮರೆಯುವ ಭಯ ಇಲ್ಲವಲ್ಲ ಅಂತ ಸಮಾಧಾನವನ್ನೂ ಪಟ್ಟೆ. ವಿಡಿಯೋ ಇಲ್ಲೇ ಹಾಕಿದ್ದೆ, ನೀವೆಲ್ಲ ಹೊಗಳಿದಿರಿ. ಕರ್ಣನ ಮಗಳಾಗಿ ನಾನು ಹಾಗೆ ಮಾಡಬಾರದಿತ್ತು.

ಈ ವರ್ಷದ ಸ್ಕೂಲ್ ಡೇಗೆ ಮತ್ತೆ ದುಡ್ಡು ಕೇಳಿ ಡೈರಿಯಲ್ಲಿ ಬರೆದು ಕಳಿಸಿದ್ದರು. ನಿನ್ನೆ ರಾತ್ರಿ ಅದರ ಕೆಳಗೆ ಬರೆದೆ: "ರೆಕಾರ್ಡಿಂಗಿಗೆ ದುಡ್ಡು ಕೊಡುವುದಿಲ್ಲ. ಮಗಳು ಬಾಯಲ್ಲೇ ಹೇಳುತ್ತಾಳೆ. ರಿಹರ್ಸಲಿಗೆ ದಿನಾ ಸಂಜೆ ನಾನು ಬಂದು ಕೂರುತ್ತೇನೆ." ಬೆಳಗ್ಗೆ ಮಗಳು ಡೈರಿ ತೆಗೆದು ಓದಿದಳು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಅವಳ ಡೈಲಾಗು ಕೇಳಿಸಿತು, ಸಣ್ಣ ದನಿಯಲ್ಲಿ, ಆಮೇಲೆ ಇನ್ನೊಂದು ಸಲ, ಸ್ವಲ್ಪ ಜೋರಾಗಿ.